ಚೌಡಿ ತಿರುವಿನ ಎರಡು ಹಾರ್ನ್

ನಮ್ಮ ಜೀಪಿನ ಹಳೆಯ ಹಾರ್ನಿನದು ಒಡಕು ದನಿ. ಹಾಲು ಬಿಡಿಸಿದ ಎಮ್ಮೆಗರು ಕೂಗಿದ ಹಾಗೆ. ಮೂಡಿಗೆರೆ ಪೇಟೆಯಲ್ಲಿ ಅಪ್ಪ ಅದನ್ನು ಒತ್ತಿದರೆ ಅಂಗಡಿಯವರು ತಲೆ ಎತ್ತಿ ನಗುತ್ತಿದ್ದರು. ಹೈಸ್ಕೂಲು ಓದುವಾಗಿನಿಂದ ನನಗೆ ಆ ಸದ್ದೆಂದರೆ ನಾಚಿಕೆ. ಅದೇ ಪೇಟೆಯ ಶಾಲೆಯಲ್ಲಿ ಮೇಡಂ ಅನ್ನಿಸಿಕೊಂಡು ತಲೆಗೂದಲು ನರೆತ ಮೇಲೂ ಆ ನಾಚಿಕೆ ಹೋಗಲಿಲ್ಲ. ಅದನ್ನು ಬಿಚ್ಚಿಸಿ ಸ್ಟೋರ್ ರೂಮಿನ ಮೂಲೆಗೆ ಎಸೆದವಳು ನಾನೇ. ಎಸೆದದ್ದರಿಂದ ಏನಾಯಿತು ಎಂದು ಹೇಳಬೇಕು. ಹೇಳದಿದ್ದರೆ ಅದು ನನ್ನನ್ನು ಬಿಡುವ ಹಾಗೆ ಕಾಣುವುದಿಲ್ಲ. ಹೇಳಿದರೆ ಬಿಡುತ್ತದೆ ಎಂಬ ಭರವಸೆಯೂ ನನಗಿಲ್ಲ.

ನಮ್ಮದು ಮೂಡಿಗೆರೆಯಿಂದ ಕಳಸದ ಕಡೆ ಹೋಗುವಾಗ ಮುಖ್ಯರಸ್ತೆ ಬಿಟ್ಟು ನಾಲ್ಕು ಕಿಲೋಮೀಟರು ಒಳಗೆ, ಹತ್ತು ಎಕರೆ ಕಾಫಿ. ದೊಡ್ಡ ಎಸ್ಟೇಟಿನವರು ನಮ್ಮನ್ನು ಪ್ಲಾಂಟರ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಲಸಕ್ಕೆ ಬರುವವರು ಮಾತ್ರ ಅಪ್ಪನನ್ನು ಅಯ್ಯ ಅನ್ನುತ್ತಾರೆ. ಆ ನಾಲ್ಕು ಕಿಲೋಮೀಟರೂ ಒಂದೇ ಗಾಡಿ ಅಗಲದ ಟಾರು ರಸ್ತೆ. ಮನೆಯಿಂದ ಹೊರಟರೆ ಎಡಗಡೆ ಗುಡ್ಡ ಕಡಿದ ಮಣ್ಣಿನ ದರೆ, ಬಲಗಡೆ ಹಳ್ಳಕ್ಕೆ ಇಳಿಯುವ ಇಳಿಜಾರು. ಅರ್ಧ ದಾರಿಯಲ್ಲಿ ಒಂದು ಕೆಟ್ಟ ತಿರುವು. ಅಲ್ಲಿ ಮರದ ಬುಡದಲ್ಲಿ ಕುಂಕುಮ ಹಚ್ಚಿದ ಒಂದು ಕಲ್ಲಿದೆ, ಚೌಡಿ. ಅಲ್ಲಿ ಯಾವ ಡ್ರೈವರೂ ಹಾರ್ನ್ ಹೊಡೆಯದೆ ಮುಂದೆ ಹೋಗುವುದಿಲ್ಲ. ಅರ್ಧ ಭಕ್ತಿ, ಅರ್ಧ ಎದುರಿನಿಂದ ಬರುವ ಗಾಡಿಯ ಭಯ. ಬೇರೆಯವರು ಒಂದು ಸಲ ಹೊಡೆದರೆ ಅಪ್ಪ ಎರಡು ಸಲ ಹೊಡೆಯುತ್ತಿದ್ದರು. ತಿರುವು ದಾಟಿದರೆ ಲೈನು, ಅಂದರೆ ತೋಟದ ಕೆಲಸದವರ ಸಾಲುಮನೆಗಳು. ದೊಡ್ಡವರು ಕೆಲಸಕ್ಕೆ, ಮಕ್ಕಳು ಶಾಲೆಗೆ, ಎಲ್ಲರೂ ನಡೆಯುವುದು ಆ ರಸ್ತೆಯಲ್ಲೇ, ದರೆಯ ಬದಿಗೆ.

ಅಪ್ಪ ಡ್ರೈವರಲ್ಲ. ಆದರೆ ಈಚೆಗೆ ಮೇಲಿನ ಹೋಂಸ್ಟೇಯವರ ಜೀಪು ಬರುವ ತನಕ, ನಲವತ್ತು ವರ್ಷ, ಆ ದಾರಿಯ ಮನೆಗಳವರಿಗೆ ಕರೆದರೆ ಸಿಗುತ್ತಿದ್ದ ಒಂದೇ ಗಾಡಿ ನಮ್ಮದು. ಯಾರಿಗೆ ಹಾವು ಕಚ್ಚಿದರೂ, ಯಾರು ಮರದಿಂದ ಬಿದ್ದರೂ ನಮ್ಮ ಅಂಗಳಕ್ಕೆ ಓಡಿ ಬರುತ್ತಿದ್ದರು. ಅಪ್ಪ ಅರ್ಧ ಊಟದಲ್ಲಿ ಕೈ ತೊಳೆದು ಎದ್ದು ಹೋಗಿದ್ದನ್ನು ಎಷ್ಟು ಸಲ ನೋಡಿದ್ದೇನೋ. ಲೈನಿನಲ್ಲಿ ಒಬ್ಬಾಕೆಯನ್ನು ಎಲ್ಲರೂ ದೊಡ್ಡಕ್ಕ ಎಂದು ಕರೆಯುತ್ತಾರೆ. ನಾನು ಮಗುವಾಗಿದ್ದಾಗ ನನ್ನನ್ನು ಸೊಂಟದಲ್ಲಿ ಹೊತ್ತು ಕಾಫಿ ಕುಯ್ದವಳು. ಅವಳ ಎರಡನೇ ಮಗಳು ಹುಟ್ಟಿದ್ದು ನಮ್ಮ ಜೀಪಿನ ಹಿಂದಿನ ಸೀಟಿನಲ್ಲಿ, ಮೂಡಿಗೆರೆ ಇನ್ನೂ ಎರಡು ಮೈಲಿ ಇರುವಾಗ. ಅಮ್ಮನ ಸೆರಗಿನಲ್ಲೇ ಮಗುವನ್ನು ಸುತ್ತಿದ್ದರಂತೆ. ಅಪ್ಪ ಇದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ನನಗೆ ಕೇಳಿ ಕೇಳಿ ಸಾಕಾಗಿತ್ತು.

ಅಮ್ಮನಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಆದರೆ ಎಡಗಡೆ ಸೀಟಿನಲ್ಲಿ ಕೂತು ನಿಜವಾಗಿ ಜೀಪು ಓಡಿಸುವವಳು ಅವಳೇ ಎಂದು ನಾವು ಗೇಲಿ ಮಾಡುತ್ತಿದ್ದೆವು. ಕೊನೆಕೊನೆಗಂತೂ ಅವಳ ಬಾಯಿ ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ.

"ಬಲಕ್ಕೆ ತಗೊಳ್ಳಿ. ಇನ್ನೂ ಸ್ವಲ್ಪ. ಹಾರ್ನ್ ಹೊಡೀರಿ. ಇನ್ನೊಂದ್ಸಲ."

"ನೀನೇ ಬಂದು ಇಲ್ಲಿ ಕೂತ್ಕೋ ಮಾರಾಯ್ತಿ," ಅಪ್ಪ ಅನ್ನುತ್ತಿದ್ದರು. "ನಾನು ಹಿಂದೆ ಗೊಬ್ಬರದ ಮೂಟೆ ಜೊತೆ ಕೂತ್ಕೋತೀನಿ."

ಚೌಡಿ ತಿರುವಿಗೆ ಮಾತ್ರ ಇದ್ದ ಎರಡು ಹಾರ್ನನ್ನು ಅವಳು ಒಂದೊಂದಾಗಿ ಎಲ್ಲ ತಿರುವಿಗೂ ಹಚ್ಚಿದಳು. ಕೇಳಿದರೆ, ಚೌಡಿ ಕನಸಿನಲ್ಲಿ ಬಂದು ಹೇಳಿದ್ದಾಳೆ ಅಂದಳು. ಅಮ್ಮ ಅಂಥವಳಲ್ಲ. ಕನಸು, ಶಕುನ, ಹರಕೆ ಯಾವುದನ್ನೂ ಹಚ್ಚಿಕೊಂಡವಳಲ್ಲ. ವಯಸ್ಸಾಯಿತು, ಈಗ ದೇವರ ಭಯ ಹತ್ತಿಕೊಂಡಿದೆ ಅಂದುಕೊಂಡು ನಾನು ಸುಮ್ಮನಾದೆ. ಕ್ಲಾಸಿನಲ್ಲಿ ಯಾವ ಹುಡುಗಿ ಸುಳ್ಳು ಹೇಳುತ್ತಿದ್ದಾಳೆಂದು ಮುಖ ನೋಡಿ ಹೇಳುವವಳು ನಾನು. ನನ್ನ ಅಮ್ಮನ ಮುಖ ಓದಲು ಬರಲಿಲ್ಲ.

ಅಮ್ಮ ತೀರಿಕೊಂಡು ಈಗ ನಾಲ್ಕು ವರ್ಷ. ಅವಳು ಹೋದ ಮೇಲೆ ರಜಾ ದಿನಗಳಲ್ಲಿ ಅಪ್ಪನ ಪಕ್ಕ ಆ ಸೀಟಿನಲ್ಲಿ ಕೂರುವವಳು ನಾನಾದೆ. ಮದುವೆ ಮುರಿದು ಬಂದ ಮೇಲೆ ನಾನು ತವರಿನಲ್ಲೇ ಇದ್ದೇನೆ. ಶಾಲೆಯ ದಿನಗಳಲ್ಲಿ ನನಗೆ ಜೀಪು ಬೇಕಿರಲಿಲ್ಲ. ತೋಟದೊಳಗಿನ ಕಾಲುದಾರಿಯಲ್ಲಿ ಗುಡ್ಡ ಇಳಿದರೆ ಬಸ್ಸು ಸಿಗುತ್ತಿತ್ತು. ಸಂತೆಗೆ, ಔಷಧಿಗೆ, ನೆಂಟರ ಮನೆಗೆ ಹೋಗುವಾಗ ಮಾತ್ರ ಜೀಪು.

ಆಗಲೇ ನಾನು ಅದನ್ನು ನೋಡಿದ್ದು. ಅಪ್ಪ ಎರಡು ಹಾರ್ನ್ ಹೊಡೆದು ತಿರುವು ತಿರುಗಿಸಿದರೆ, ಮುಂದೆ ನಡೆಯುತ್ತಿದ್ದ ಜನ ಒಬ್ಬೊಬ್ಬರಾಗಿ ದರೆ ಹತ್ತಿ ನಿಲ್ಲುತ್ತಿದ್ದರು. ಹೆಂಗಸರು ಬುಟ್ಟಿಯನ್ನು ಎದೆಗೆ ಅವುಚಿಕೊಂಡು, ಮಕ್ಕಳ ರಟ್ಟೆ ಹಿಡಿದೆಳೆದುಕೊಂಡು. ಒಬ್ಬ ಮುದುಕ ಕರುವನ್ನೂ ಮೇಲಕ್ಕೆ ತಳ್ಳಿ, ಬೆನ್ನನ್ನು ಮಣ್ಣಿಗೆ ಒತ್ತಿ ನಿಂತಿದ್ದ. ಜೀಪು ಅವರ ಕಾಲಬುಡದಲ್ಲಿ ಹಾದುಹೋಗುತ್ತಿತ್ತು.

ನನಗೆ ಏನನ್ನಿಸಿತು ಗೊತ್ತೇ? ಗೌರವ. ಈ ಕಾಲದಲ್ಲೂ ನಮ್ಮಪ್ಪನಿಗೆ ಇಷ್ಟು ಮರ್ಯಾದೆ ಕೊಡುತ್ತಾರಲ್ಲ ಅನ್ನಿಸಿತು. ಒಳಗೊಳಗೆ ಹೆಮ್ಮೆಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಮೇಲೆ ಮಾತ್ರ ದೊಡ್ಡ ವಿಚಾರವಂತೆಯ ಹಾಗೆ ಒಮ್ಮೆ ಲೈನಿಗೆ ಹೋಗಿ ಭಾಷಣ ಮಾಡಿ ಬಂದೆ.

"ಎಂತಕ್ಕೆ ಹಂಗೆ ದರೆ ಹತ್ತಿ ನಿಲ್ತೀರಿ? ಅಯ್ಯ ಗಿಯ್ಯ ಅಂತ ಮೈ ಹಿಡಿ ಮಾಡ್ಕಂಡು ನಿಲ್ಲೋ ಕಾಲ ಹೋಯ್ತು. ರಸ್ತೆ ಎಲ್ಲರದ್ದು."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡು, "ಆಯ್ತು ಸಣ್ಣಮ್ಮ" ಅಂದಳು. ಮುಂದಿನ ಸಂತೆಯ ದಿನ ಮತ್ತೆ ಎಲ್ಲರೂ ದರೆಯ ಮೇಲೆ.

ಇನ್ನೊಂದು ಮಾತನ್ನೂ ನಾನು ಕೇಳಿಯೂ ಕೇಳಿಸಿಕೊಳ್ಳಲಿಲ್ಲ. ಅಷ್ಟು ಜನರನ್ನು ದಾಟಿಕೊಂಡು ಬಂದ ಮೇಲೆ ಅಪ್ಪ ಗೇರು ಬದಲಿಸುತ್ತ ಹೇಳುತ್ತಿದ್ದರು, "ಈಗ ಈ ರಸ್ತೇಲಿ ಜನವೇ ಇಲ್ಲ ಮಾರಾಯ್ತಿ. ಮುಂಚೆ ಎಷ್ಟು ಜನ ಓಡಾಡ್ತಿದ್ರು." ಕೆಲಸಕ್ಕೆ ಆಳು ಸಿಗುತ್ತಿಲ್ಲ ಎಂಬ ಎಲ್ಲ ತೋಟದವರ ಗೋಳು ಅಂದುಕೊಂಡು ನಾನು ಹೂಂಗುಟ್ಟುತ್ತಿದ್ದೆ.

ಆಮೇಲೆ ಮನೆಯೊಳಗೆ ಒಂದೊಂದೇ ಶುರುವಾಯಿತು. ಎಡಗಡೆ ಇಟ್ಟ ಕಾಫಿ ಲೋಟಕ್ಕೆ ಕೈ ತಗುಲಿ ಚೆಲ್ಲುವುದು. ಬಾಗಿಲ ಚೌಕಟ್ಟಿಗೆ ಎಡ ಭುಜ ಬಡಿಯುವುದು. ಗೇಟಿನ ಎಡಗಡೆಯ ಕಂಬಕ್ಕೆ ಜೀಪು ಮೂರು ಸಲ ಉಜ್ಜಿತು. ಕಂಬವೇ ವಾಲಿದೆ ಎಂದು ಅಪ್ಪ ವಾದಿಸಿ, ಕಂಬವನ್ನು ಕೀಳಿಸಿ ಒಂದು ಅಡಿ ಆಚೆ ನೆಡಿಸಿದರು. ನಾನು ಹಠ ಹಿಡಿದು ಚಿಕ್ಕಮಗಳೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅಪ್ಪನ ಗಲ್ಲವನ್ನು ಮಿಷಿನ್ನಿನ ಮೇಲೆ ಇಡಿಸಿ ಅರ್ಧ ಗಂಟೆ ನೋಡಿದರು. ಗ್ಲಾಕೋಮಾ ಅಂದರು. ನೇರ ನೋಡಿದರೆ ಎಲ್ಲ ಚೆನ್ನಾಗಿ ಕಾಣುತ್ತದೆ, ಬದಿಯದು ಹೋಗಿದೆ, ಎಡಗಡೆಯಂತೂ ಪೂರ್ತಿ ಹೋಗಿದೆ, ಹೋದದ್ದು ವಾಪಸ್ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ಮೂರು ಹೊತ್ತು ಡ್ರಾಪ್ಸ್ ಬರೆದರು. ಕೊನೆಗೆ ಪೆನ್ನು ಮುಚ್ಚುತ್ತ, "ಇವರು ಗಾಡಿ ಓಡಿಸಬಾರದು" ಅಂದರು. ನನ್ನ ಮುಖ ನೋಡಿಯೇ ಅಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಪೇಪರ್ ತೆಗೆದು ತೀರಾ ಸಣ್ಣ ಅಕ್ಷರದ ಜಾಹೀರಾತನ್ನು ಗಟ್ಟಿಯಾಗಿ ಓದಿ ತೋರಿಸಿದರು. "ಇದು ಕಾಣುತ್ತೆ. ಎದುರಿಗೆ ಆನೆ ಬಂದ್ರೆ ಕಾಣಲ್ವಾ?" ಹಿಂದಿನ ಸೀಟಿನವರು ನಕ್ಕರು. ಅಪ್ಪನಿಗೆ ಅದು ಗೆದ್ದ ಹಾಗಾಯಿತು.

ಮನೆಗೆ ಬಂದ ಮೇಲೆ ನಮ್ಮ ಜಗಳ ಒಂದು ವಾರ ನಡೆಯಿತು. ನಾನು ಕೂಗಾಡಿದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಅಪ್ಪ ಊಟ ಬಿಟ್ಟರು. ಮೂರನೇ ದಿನ ಕಣದ ಕಟ್ಟೆಯ ಮೇಲೆ ಕೂತು, "ಗಾಡಿ ಬಿಟ್ಟ ಮೇಲೆ ನಾನು ಯಾಕಿರ್ಬೇಕು ಹೇಳು" ಅಂದರು. ಬೆದರಿಸುವ ದನಿಯಲ್ಲಿ ಅಂದಿದ್ದರೆ ತಿರುಗಿ ಬೈಯುತ್ತಿದ್ದೆ. ಹಾಗೆ ಅನ್ನಲಿಲ್ಲ. ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುವವರ ಹಾಗೆ ಕೇಳಿದರು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಾನು ಒಂದು ರಾಜಿ ಮಾಡಿದೆ. ಪೇಟೆಗೆ ಓಡಿಸುವಂತಿಲ್ಲ. ಮನೆಯಿಂದ ಮುಖ್ಯರಸ್ತೆಯ ತನಕ ಮಾತ್ರ, ನಾನು ಪಕ್ಕದಲ್ಲಿದ್ದರೆ ಮಾತ್ರ. ಅಲ್ಲಿ ಜೀಪು ನಿಲ್ಲಿಸಿ ಬಸ್ಸು ಹತ್ತುವುದು. ಅಪ್ಪ ಒಪ್ಪಿದರು. ಹೇಗೂ ಆ ರಸ್ತೆಯಲ್ಲಿ ಜನವೇ ಇಲ್ಲವಲ್ಲ. ಜೊತೆಗೆ ನಾನು ಜೀಪನ್ನು ಗ್ಯಾರೇಜಿಗೆ ಕಳಿಸಿ ಬ್ರೇಕ್ ಸರಿ ಮಾಡಿಸಿದೆ, ಎಡಗಡೆಗೆ ದೊಡ್ಡ ಕನ್ನಡಿ ಹಾಕಿಸಿದೆ, ಆ ಒಡಕು ಹಾರ್ನನ್ನು ಬಿಚ್ಚಿಸಿ ಲಾರಿಯ ಹಾಗೆ ಕೂಗುವ ಹೊಸ ಹಾರ್ನ್ ಕೂರಿಸಿದೆ. ಇನ್ನು ಒಂದು ಮೈಲಿ ದೂರದವರಿಗೂ ಕೇಳುತ್ತದೆ ಎಂದು ಸಮಾಧಾನವಾಯಿತು. ಕೀ ಕಿತ್ತುಕೊಳ್ಳುವ ಧೈರ್ಯವಿಲ್ಲದೆ ಹಾರ್ನ್ ತಂದೆ. ಇದನ್ನು ನಾನು ಈಗ ಇಷ್ಟು ಸುಲಭವಾಗಿ ಬರೆಯುತ್ತೇನೆ. ಆಗ ನನ್ನಷ್ಟು ಜಾಣ ಮಗಳು ಇನ್ನೊಬ್ಬಳಿಲ್ಲ ಅಂದುಕೊಂಡಿದ್ದೆ.

ಹೊಸ ಹಾರ್ನ್ ಹಾಕಿದ ಮೇಲೆ ಮೊದಲ ಸಲ ಹೊರಟಿದ್ದು ಕಣ್ಣಿನ ಡಾಕ್ಟರ ಹತ್ತಿರಕ್ಕೇ, ಎರಡನೇ ತಪಾಸಣೆಗೆ. ಕಾಫಿ ಕುಯ್ಲಿನ ಸಮಯ. ಬೆಳಿಗ್ಗೆ ಎಂಟು ಗಂಟೆಯಾದರೂ ಮಂಜು ಎದ್ದಿರಲಿಲ್ಲ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಚೌಡಿ ತಿರುವು ಬಂತು. ಅಪ್ಪ ಎರಡು ಸಲ ಹಾರ್ನ್ ಹೊಡೆದರು. ಆ ಸದ್ದಿಗೆ ಮರದ ಮೇಲಿನ ಹಕ್ಕಿಗಳೆಲ್ಲ ಎದ್ದವು. "ಎಂತ ಹಾರ್ನೇ ಇದು, ಚೌಡಿಯೂ ಹೆದರ್ಕಂಡಾಳು" ಅಂದರು ಅಪ್ಪ. ನನಗೆ ನಗು ಬಂತು. ಅಷ್ಟರಲ್ಲಿ ತೊಡೆಯ ಮೇಲಿದ್ದ ಕಣ್ಣಿನ ರಿಪೋರ್ಟಿನ ಫೈಲು ಜಾರಿ ಕಾಲಬುಡಕ್ಕೆ ಬಿತ್ತು. ನಾನು ಬಗ್ಗಿದೆ.

ದಪ್ ಅಂತ ಒಂದು ಸದ್ದು. ಜೋರೇನೂ ಅಲ್ಲ. ತುಂಬಿದ ಚೀಲವನ್ನು ನೆಲಕ್ಕೆ ಇಳಿಸಿದರೆ ಆಗುತ್ತದಲ್ಲ, ಅಷ್ಟೇ.

"ಏನದು, ಕಲ್ಲಾ?" ಅಪ್ಪ ಕೇಳಿದರು. ಕಾಲು ಇನ್ನೂ ಆಕ್ಸಿಲರೇಟರಿನ ಮೇಲೇ ಇತ್ತು.

ನಾನು ತಲೆ ಎತ್ತಿ ಹಿಂದೆ ನೋಡಿದೆ. ಚೆಲ್ಲಿದ ಬುಟ್ಟಿ, ರಸ್ತೆಯ ಮೇಲೆ ಉರುಳುತ್ತಿದ್ದ ಊಟದ ತೂಕು ಪಾತ್ರೆ, ಒಂದು ಹಸಿರು ಸೀರೆ. ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ, ಜೀಪು ನಿಂತಿತು. ದೊಡ್ಡಕ್ಕ ದರೆಯ ಬುಡದಲ್ಲಿ ಒಂದು ಮಗ್ಗುಲಾಗಿ ಬಿದ್ದಿದ್ದಳು. ಎಚ್ಚರವಿತ್ತು. ಎಡಗಾಲು ಇರಬಾರದ ಕಡೆಗೆ ತಿರುಗಿತ್ತು. ಅವಳು ನನ್ನನ್ನು ನೋಡಿ ಮೊದಲು ಮಾಡಿದ್ದು ಮೊಣಕಾಲಿನಿಂದ ಮೇಲೆ ಸರಿದಿದ್ದ ಸೀರೆಯನ್ನು ಎಳೆದುಕೊಂಡದ್ದು.

ಮಂಜಿನೊಳಗಿಂದ ಇನ್ನೂ ಐದಾರು ಜನ ಓಡಿ ಬಂದರು. ಅವರೆಲ್ಲ ಅಲ್ಲೇ ನಡೆಯುತ್ತಿದ್ದವರು. ಅವಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಅಪ್ಪ ಆಗಲೇ ಸ್ಟಿಯರಿಂಗ್ ಹಿಡಿದು ಕೂತಿದ್ದರು. "ಹತ್ತು, ಹತ್ತು, ಮೂಡಿಗೆರೆಗೆ ಬಿಡ್ತೀನಿ" ಅನ್ನುತ್ತಿದ್ದರು. ನಲವತ್ತು ವರ್ಷ ಅವರು ಮಾಡಿದ್ದು ಅದನ್ನೇ ಅಲ್ಲವೇ. ನಾನು ಕೈ ಹಾಕಿ ಕೀ ತಿರುಗಿಸಿ ಕಿತ್ತುಕೊಂಡೆ. ಕಿತ್ತುಕೊಳ್ಳಬೇಕಾಗಿದ್ದಾಗ ಕಿತ್ತುಕೊಳ್ಳದೆ, ಹಿಂದೆ ಒಬ್ಬಾಕೆ ನರಳುತ್ತಿರುವಾಗ, ಗಾಡಿ ಓಡಿಸುವವರು ಇನ್ನೊಬ್ಬರಿಲ್ಲದಿರುವಾಗ ಕಿತ್ತುಕೊಂಡೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ. ಅಪ್ಪ ಖಾಲಿ ಕೀಲಿತೂತನ್ನು ನೋಡಿದರು, ನನ್ನನ್ನು ನೋಡಿದರು. ಯಾರೋ ಓಡಿಹೋಗಿ ಮೇಲಿನ ಹೋಂಸ್ಟೇಯ ಡ್ರೈವರನ್ನು ಕರೆತಂದರು. ಅವನು ಬರುವ ತನಕ ಎಷ್ಟು ಹೊತ್ತಾಯಿತೋ, ದೊಡ್ಡಕ್ಕ ಹಲ್ಲು ಕಚ್ಚಿಕೊಂಡು ಜೀಪಿನ ಸೂರನ್ನು ನೋಡುತ್ತ ಮಲಗಿದ್ದಳು. ಅದೇ ಸೀಟು.

ಸೊಂಟದ ಮೂಳೆ ಮುರಿದಿತ್ತು. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಕಳಿಸಿದರು, ಆಪರೇಷನ್ ಮಾಡಿ ರಾಡ್ ಹಾಕಿದರು. ಮೂರನೇ ದಿನ ಮಧ್ಯಾಹ್ನ ಅವಳ ಮಗಳು, ಜೀಪಿನಲ್ಲಿ ಹುಟ್ಟಿದ್ದಳಲ್ಲ ಅವಳೇ, ಊಟಕ್ಕೆ ಹೋದಾಗ ನಾನು ಮಂಚದ ಪಕ್ಕ ಕೂತಿದ್ದೆ. ಕ್ಷಮೆ ಕೇಳಬೇಕೆಂದು ಬಂದವಳು. ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು.

"ತಪ್ಪು ನಂದೇ ಸಣ್ಣಮ್ಮ. ಹಾರ್ನ್ ಕೇಳ್ತು. ಎರಡು ಸಲ ಹೊಡೆದ್ರೂ ದನಿ ಬೇರೆ ಇತ್ತು, ನಿಮ್ದಲ್ಲ ಅಂದ್ಕಂಡೆ."

"ಅಂದ್ರೆ?"

"ಹೋಂಸ್ಟೇ ಜೀಪು ಅಂದ್ಕಂಡೆ. ಅದ್ಕೆ ಬದೀಗೆ ಸರ್ದು ನಿಂತೆ ಅಷ್ಟೆ. ನಿಮ್ದು ಅಂತ ಗೊತ್ತಾಗಿದ್ರೆ ದರೆ ಹತ್ತಿರ್ತಿದ್ದೆ."

"ನಮ್ದಾದ್ರೆ ದರೆ ಯಾಕೆ ಹತ್ಬೇಕು ದೊಡ್ಡಕ್ಕ?"

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ನಾನು ನಿಜವಾಗಿಯೂ ಕೇಳುತ್ತಿದ್ದೇನೋ ಅಥವಾ ಪರೀಕ್ಷೆ ಮಾಡುತ್ತಿದ್ದೇನೋ ಎಂದು ಅವಳಿಗೆ ತಿಳಿಯಲಿಲ್ಲ.

"ಅಯ್ಯಂಗೆ ಎಡಗಡೆ ಕಾಣಲ್ವಲ್ಲ," ಅಂದಳು.

ಆಮೇಲೆ ನಿಧಾನವಾಗಿ ಎಲ್ಲ ಹೇಳಿದಳು. ಅಮ್ಮ ಸಾಯುವುದಕ್ಕೆ ಐದು ವರ್ಷ ಮೊದಲು ಒಂದು ದಿನ ಲೈನಿಗೆ ಬಂದಿದ್ದಳಂತೆ. ಹೆಂಗಸರನ್ನೆಲ್ಲ ಕೂರಿಸಿಕೊಂಡು, ಅಯ್ಯನಿಗೆ ಎಡಗಡೆಯ ಕಣ್ಣು ನಿಂತುಹೋಗುತ್ತಿದೆ, ನಾನು ಪಕ್ಕದಲ್ಲಿ ಕೂತು ನೋಡಿಕೊಳ್ಳುತ್ತೇನೆ, ಆದರೂ ಎರಡು ಹಾರ್ನ್ ಕೇಳಿದ ಕೂಡಲೇ ನೀವು ದರೆ ಹತ್ತಿಬಿಡಿ, ಮಕ್ಕಳಿಗೂ ಹೇಳಿಕೊಡಿ ಅಂದಳಂತೆ. ಬೇರೆ ಗಾಡಿಗೆ ಬದಿಗೆ ಸರಿದರೆ ಸಾಕು, ನಮ್ಮ ಗಾಡಿಗೆ ಸಾಲದು ಅಂದಳಂತೆ. ಹೋಂಸ್ಟೇ ಜೀಪಿನ ಇಂಜಿನ್ನೂ ನಮ್ಮ ಜೀಪಿನ ಇಂಜಿನ್ನೂ ಒಂದೇ ಸದ್ದು. ಆ ಒಡಕು ಹಾರ್ನೊಂದೇ ಗುರುತು. ಲೈನಿನ ಮಕ್ಕಳು ನಡೆಯಲು ಕಲಿತ ಮೇಲೆ ಎರಡನೆಯದಾಗಿ ಕಲಿಯುತ್ತಿದ್ದದ್ದು ಅದನ್ನಂತೆ.

"ಗಾಡಿ ಬಿಟ್ರೆ ಅಯ್ಯ ಮೂಲೆ ಹಿಡೀತಾರೆ ಅಂತ ಅಮ್ಮ ಅತ್ರು ಸಣ್ಣಮ್ಮ. ಅಯ್ಯ ನಮಗೆಲ್ಲ ಎಷ್ಟು ಮಾಡಿದಾರೆ. ದರೆ ಹತ್ತೋದೇನು ದೊಡ್ಡ ಕೆಲ್ಸನಾ?"

"ನನಗ್ಯಾಕೆ ಹೇಳ್ಲಿಲ್ಲ?"

"ಅಮ್ಮ ಬೇಡ ಅಂದಿದ್ರು. ಮಗಳಿಗೆ ಗೊತ್ತಾದ್ರೆ ಕೀ ಕಿತ್ಕಂಡ್ಬಿಡ್ತಾಳೆ, ಅವಳು ಕೇಳೋಳಲ್ಲ ಅಂತ."

ನನ್ನ ಅಮ್ಮನಿಗೆ ನನ್ನ ಬಗ್ಗೆ ಇದ್ದ ನಂಬಿಕೆ ಅದು. ಡಾಕ್ಟರು ನನ್ನ ಮುಖ ನೋಡಿ ಹೇಳಿದ ಮೇಲೂ ನಾನು ಕೀ ಮುಟ್ಟಲಿಲ್ಲ ಎಂದು ಅವಳಿಗೆ ಯಾರು ಹೇಳಬೇಕು.

ಆಸ್ಪತ್ರೆಯ ಮೆಟ್ಟಿಲಿನಲ್ಲಿ ಕೂತು ನಾನು ಸತ್ತ ಅಮ್ಮನನ್ನು ಬಾಯಿಗೆ ಬಂದಂತೆ ಬೈದೆ. ಗಂಡನ ಮರ್ಯಾದೆ ಉಳಿಸಲು ಲೈನಿನ ಮಕ್ಕಳನ್ನೆಲ್ಲ ದರೆ ಹತ್ತಿಸಿದವಳು. ಬೈಯುತ್ತ ಬೈಯುತ್ತ ಅಳು ಬಂತು. ಯಾಕೆಂದರೆ ಅವಳಾದರೂ ಆ ಸೀಟಿನಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನಾನು ಅದೇ ಸೀಟಿನಲ್ಲಿ ಕೂತು ಫೈಲು ಹುಡುಕುತ್ತಿದ್ದೆ.

ಮನೆಗೆ ಬಂದಾಗ ಅಪ್ಪ ಕಣದಲ್ಲಿ ಒಣಹಾಕಿದ ಕಾಫಿಯನ್ನು ಕೈಯಾಡಿಸುತ್ತಿದ್ದರು. ದೊಡ್ಡಕ್ಕ ಹೇಗಿದ್ದಾಳೆಂದು ಕೇಳಿದರು. ಹೇಳಿದೆ. ಕಾಫಿ ಕೈಯಾಡಿಸುತ್ತಿದ್ದ ಕೋಲನ್ನು ನಿಲ್ಲಿಸಿ, "ಅಲ್ಲ, ಅವಳು ರಸ್ತೆ ಮಧ್ಯೆ ಯಾಕೆ ಬಂದ್ಲು ಅಂತೀನಿ" ಅಂದರು.

ಹೇಳಬಾರದು ಎಂದು ಬಸ್ಸಿನುದ್ದಕ್ಕೂ ನಿಶ್ಚಯ ಮಾಡಿಕೊಂಡು ಬಂದಿದ್ದೆ. ಆ ಮಾತು ಕೇಳಿದ್ದೇ ತಲೆ ಕೆಟ್ಟಿತು. ಮಧ್ಯೆ ಬರಲಿಲ್ಲ ಅಪ್ಪ, ಬದಿಯಲ್ಲೇ ನಿಂತಿದ್ದಳು, ನೀವೇ ಬದಿಗೆ ಹೋಗಿದ್ದು ಅಂದೆ. ಎಂಟು ವರ್ಷದಿಂದ ನಿಮ್ಮ ಹಾರ್ನ್ ಕೇಳಿ ಇಡೀ ಲೈನು ದರೆ ಹತ್ತಿ ನಿಂತಿದೆ ಅಂದೆ. ರಸ್ತೆಯಲ್ಲಿ ಜನ ಇಲ್ಲ ಅಂತೀರಲ್ಲ, ಅವರೆಲ್ಲ ಇದ್ದರು, ನಿಮ್ಮ ಎಡಗಡೆಗೆ ಉಸಿರು ಹಿಡಿದುಕೊಂಡು ನಿಂತಿದ್ದರು ಅಂದೆ. ಪಾಠ ಮಾಡುವ ದನಿಯಲ್ಲಿ ಒಂದೂ ಬಿಡದೆ ಹೇಳಿದೆ. ಅಪ್ಪ ಕೋಲು ಊರಿಕೊಂಡು ಪೂರ್ತಿ ಕೇಳಿದರು.

"ನಿಮ್ಮಮ್ಮ ಪಕ್ಕದಲ್ಲೇ ಕೂತಿರ್ತಿದ್ಲಲ್ಲ," ಅಂದರು.

"ಹೂಂ."

"ಅವಳಿಗೆ ಅವ್ರೆಲ್ಲ ಕಾಣ್ತಿದ್ರಾ?"

"ಕಾಣ್ತಿದ್ರು ಅಪ್ಪ."

ಅಪ್ಪ ಮತ್ತೆ ಕಾಫಿ ಕೈಯಾಡಿಸಲು ಶುರು ಮಾಡಿದರು. ಸಂಜೆ ನಾನು ರಾಶಿ ಮಾಡಲು ಹೋದಾಗ ನೋಡಿದೆ, ಕಣದ ಎಡಬದಿಯಲ್ಲಿ ಒಂದು ಮಾರು ಅಗಲದ ಪಟ್ಟಿ ಹಾಗೆಯೇ ಉಳಿದಿತ್ತು. ಅಲ್ಲಿನ ಕಾಫಿಯನ್ನು ಯಾರೂ ಮುಟ್ಟಿರಲಿಲ್ಲ.

ಲೈನಿನವರು ಯಾರೂ ಕಂಪ್ಲೇಂಟ್ ಕೊಡಲಿಲ್ಲ. ಕೊಡಿ ಎಂದು ನಾನೇ ಹೇಳಿದೆ. ಕೊಟ್ಟಿದ್ದರೆ ನನಗೆ ಸ್ವಲ್ಪ ನಿದ್ದೆ ಬರುತ್ತಿತ್ತೋ ಏನೋ. ಅದಾದ ಮೇಲೆ ಅಪ್ಪ ಜೀಪಿನ ಕಡೆ ತಿರುಗಿಯೂ ನೋಡಲಿಲ್ಲ, ರಸ್ತೆಗೂ ಇಳಿಯಲಿಲ್ಲ. ಅಮ್ಮ ಹೆದರಿದ ಹಾಗೆಯೇ ಮೂಲೆ ಹಿಡಿದರು. ಎರಡನೇ ತಪಾಸಣೆಯೂ ನಿಂತೇಹೋಯಿತು. ಡ್ರಾಪ್ಸ್ ಹಾಕಲು ಹೋದರೆ ಬೇಡ ಎನ್ನದೆ ಮುಖ ಎತ್ತುತ್ತಿದ್ದರು, ಅಷ್ಟೇ. ಕೀ ನನ್ನ ಸ್ಕೂಲ್ ಬ್ಯಾಗಿನಲ್ಲಿತ್ತು. ಬೋರ್ಡಿನ ಮೇಲೆ ಬರೆಯುವಾಗ ಹಿಂದೆ ಯಾವುದಾದರೂ ಬ್ಯಾಗು ಬೆಂಚಿನಿಂದ ಬಿದ್ದರೆ, ದಪ್ ಅಂದರೆ, ನನ್ನ ಕಿವಿಯಲ್ಲಿ ಅಪ್ಪ ಕೇಳುತ್ತಿದ್ದರು, ಏನದು, ಕಲ್ಲಾ? ಸೀಮೆಸುಣ್ಣ ಹಿಡಿದ ಕೈ ನಿಂತುಬಿಡುತ್ತಿತ್ತು. ಮಕ್ಕಳು ಕಾಯುತ್ತಿದ್ದರು. ಕಣ್ಣು ಮುಚ್ಚಿದರೆ ದರೆ. ಅಮ್ಮ ಹೋದ ಮೇಲಿನ ಒಂದೊಂದು ಸಂತೆಯ ದಿನವೂ ತಿರುಗಿ ಬರುತ್ತಿತ್ತು. ಅವತ್ತು ಗೌರವ ಎಂದು ನಾನು ಓದಿದ್ದ ಮುಖಗಳನ್ನು ಈಗ ಒಂದೊಂದಾಗಿ ತಿದ್ದಿ ಓದುತ್ತಿದ್ದೆ. ಕರುವನ್ನು ಮೇಲಕ್ಕೆ ತಳ್ಳುತ್ತಿದ್ದ ಮುದುಕ ನಮ್ಮ ಜೀಪಿನ ಚಕ್ರದಿಂದ ಕಣ್ಣು ತೆಗೆದಿರಲಿಲ್ಲ. ಅದು ಆಗಲೂ ನನಗೆ ಕಂಡಿತ್ತು.

ಬೇಸಿಗೆ ರಜೆಯಲ್ಲಿ ನಾನು ಮೂಡಿಗೆರೆಯ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಲಿಸಿದ. ಕ್ಲಚ್ ಬಿಡುವಾಗ ನಾನು ತಪ್ಪು ಮಾಡಿದರೆ, "ಪರ್ವಾಗಿಲ್ಲ ಮೇಡಂ, ಇನ್ನೊಂದ್ಸಲ ಟ್ರೈ ಮಾಡಿ" ಎಂದು ನನ್ನದೇ ದನಿಯಲ್ಲಿ ಅನ್ನುತ್ತಿದ್ದ. ಲೈಸೆನ್ಸ್ ಬಂದ ದಿನ ಲೈನಿಗೆ ಹೋಗಿ ದೊಡ್ಡಕ್ಕನಿಗೆ ಹೇಳಿದೆ. ಅವಳು ಕೋಲು ಹಿಡಿದು ಬಾಗಿಲ ತನಕ ನಡೆಯುವಂತಾಗಿದ್ದಳು. ಕಾಫಿ ಕುಯ್ಲಿಗೆ ಇನ್ನು ಬರಲಾರಳು.

"ಒಂದ್ ಮಾತು ಸಣ್ಣಮ್ಮ," ಅಂದಳು. "ಆ ಹಳೇ ಹಾರ್ನೇ ಹಾಕ್ಸಿ. ಹೊಸದನ್ನ ಇನ್ನೊಂದ್ಸಲ ಕೇಳೋಕೆ ನನ್ನಿಂದಾಗಲ್ಲ."

ಸ್ಟೋರ್ ರೂಮಿನ ಮೂಲೆಯಿಂದ ಅದನ್ನು ಹುಡುಕಿ ತೆಗೆದು, ಜೇಡರಬಲೆ ಒರೆಸಿ ಹಾಕಿಸಿದೆ. ಮೊದಲ ಸಲ ಜೀಪು ತೆಗೆದ ದಿನ ಚೌಡಿ ತಿರುವಿನಲ್ಲಿ ಎರಡು ಸಲ ಒತ್ತಿದೆ. ತಿರುವು ತಿರುಗಿಸಿದರೆ ಎಲ್ಲರೂ ದರೆಯ ಮೇಲೆ. ನಾನು ಗಾಡಿ ನಿಲ್ಲಿಸಿ ತಲೆ ಹೊರಗೆ ಹಾಕಿ, "ಇಳೀರಿ, ನನಗೆ ಕಾಣುತ್ತೆ, ಎರಡೂ ಕಡೆ ಕಾಣುತ್ತೆ" ಅಂದೆ. ಅವರು ನಕ್ಕರು, ತಲೆ ಆಡಿಸಿದರು. ಇಳಿಯಲಿಲ್ಲ. ಮುಂದಿನ ಸಲವೂ ಹತ್ತಿದರು. ಒಂದು ಪುಟ್ಟ ಹುಡುಗಿಯಂತೂ ಹಾರ್ನ್ ಕೇಳಿದರೆ ಅಂಗಳದಲ್ಲಿ ಆಡುತ್ತಿದ್ದವಳೂ ಓಡಿಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು.

ಅಪಘಾತದ ಮೇಲೆ ಅಪ್ಪನನ್ನು ಮತ್ತೆ ಜೀಪು ಹತ್ತಿಸಲು ನನಗೆ ಹತ್ತು ತಿಂಗಳು ಹಿಡಿಯಿತು. ಕಣ್ಣಿನ ಡಾಕ್ಟರಿಗೆ ತೋರಿಸಲೇಬೇಕಿತ್ತು, ಉಳಿದ ದೃಷ್ಟಿಯೂ ಕರಗುತ್ತಿತ್ತು. ಮತ್ತೆ ಕುಯ್ಲಿನ ಸಮಯ, ಮತ್ತೆ ಮಂಜು. ಅಪ್ಪ ಅಮ್ಮನ ಸೀಟಿನಲ್ಲಿ ಕೂತರು. ದಾರಿಯುದ್ದಕ್ಕೂ ಎರಡೂ ಕೈ ಮಂಡಿಯ ಮೇಲೆ ಇಟ್ಟುಕೊಂಡು ನೇರ ಮುಂದೆ ನೋಡುತ್ತಿದ್ದರು. ಚೌಡಿ ತಿರುವಿನಲ್ಲಿ ನಾನು ಎರಡು ಸಲ ಒತ್ತಿದೆ. ತಿರುವು ದಾಟಿತು.

"ನಿಲ್ಸು," ಅಂದರು ಅಪ್ಪ.

ನಿಲ್ಲಿಸಿದೆ.

"ಇದಾರಾ?"

"ಇದಾರೆ ಅಪ್ಪ."

"ಎಲ್ಲಿ?"

ಡಾಕ್ಟರು ಮಿಷಿನ್ನಿಗೆ ಇಡಿಸುವಾಗ ಹಿಡಿದಿದ್ದರಲ್ಲ, ಹಾಗೆ ನಾನು ಅವರ ಗಲ್ಲ ಹಿಡಿದು ಮುಖವನ್ನು ಪೂರ್ತಿ ಎಡಕ್ಕೆ ತಿರುಗಿಸಿದೆ. ನೇರ ನೋಡಿದರೆ ಅವರಿಗೆ ಎಲ್ಲ ಕಾಣುತ್ತದೆ. ಕಂಡಿತು. ಹತ್ತು ಹನ್ನೆರಡು ಜನ, ಬುಟ್ಟಿ ಅವುಚಿಕೊಂಡ ಹೆಂಗಸರು, ರಟ್ಟೆ ಹಿಡಿಸಿಕೊಂಡ ಮಕ್ಕಳು, ಎಲ್ಲರೂ ಮಣ್ಣಿಗೆ ಬೆನ್ನು ಹಚ್ಚಿ. ದರೆ ಹತ್ತಲಾಗದ ದೊಡ್ಡಕ್ಕ ಮಾತ್ರ ಕೆಳಗೆ, ಅಪ್ಪನ ಕೈಗೆಟುಕುವಷ್ಟು ಹತ್ತಿರ, ಒಂದು ಕೈಯಲ್ಲಿ ಕೋಲು ಊರಿ, ಇನ್ನೊಂದು ಕೈಯಲ್ಲಿ ದರೆಯಿಂದ ಹೊರಬಂದ ಬೇರು ಹಿಡಿದುಕೊಂಡು ನಿಂತಿದ್ದಳು. ಅಪ್ಪ ಒಬ್ಬೊಬ್ಬರನ್ನೂ ನೋಡಿದರು. ಅವರೂ ಅಪ್ಪನನ್ನು ನೋಡಿದರು. ತಮ್ಮ ಹಾರ್ನಿಗೆ ದರೆ ಹತ್ತಿದವರಲ್ಲಿ ಒಬ್ಬರ ಕಣ್ಣನ್ನೂ ಅಪ್ಪ ಅದುವರೆಗೆ ನೋಡಿರಲಿಲ್ಲ.

ಆಮೇಲೆ ಬಾಗಿಲು ತೆಗೆದು ಇಳಿದರು. ಜೀಪಿನ ಮೈ ಹಿಡಿದುಕೊಂಡು ಎರಡು ಹೆಜ್ಜೆ ಇಟ್ಟು ದೊಡ್ಡಕ್ಕನ ಪಕ್ಕಕ್ಕೆ ಹೋದರು. ತಿರುಗಿ ನಿಂತು, ಇಸ್ತ್ರಿ ಮಾಡಿದ ಅಂಗಿಯ ಬೆನ್ನನ್ನು ಹಸಿಮಣ್ಣಿಗೆ ಒತ್ತಿದರು. "ಅಯ್ಯ, ಬ್ಯಾಡಿ," ಅಂದಳು ದೊಡ್ಡಕ್ಕ. ಅಪ್ಪ ಅವಳ ಕಡೆ ತಿರುಗಲಿಲ್ಲ.

"ನೀನು ಗಾಡಿ ಬಿಡು," ಎಂದು ನನಗೆ ಹೇಳಿದರು.

"ಅಪ್ಪ, ಹತ್ತಿ, ಡಾಕ್ಟರ ಹತ್ರ ಹೋಗೋಕೆ ತಡ ಆಗುತ್ತೆ." ಏನೇನೋ ಅಂದೆ.

"ಬಿಡು ಅಂದ್ನಲ್ಲ. ಮುಂದೆ ಹೋಗಿ ನಿಲ್ಸು. ನಾನು ನಡ್ಕೊಂಡು ಬರ್ತೀನಿ."

ಮೊದಲ ಗೇರು ಹಾಕಿದೆ. ಎಡಗಡೆಗೆ ನಾನೇ ಹಾಕಿಸಿದ ದೊಡ್ಡ ಕನ್ನಡಿ ಅವರ ಅಂಗಿಗೆ ತಾಗಿತೋ ಇಲ್ಲವೋ ಎಂಬಷ್ಟು ಹತ್ತಿರದಲ್ಲಿ ಹಾದುಹೋಯಿತು. ಜೀಪು ಮುಂದೆ ಸರಿದ ಹಾಗೆ ಅದರಲ್ಲಿ ಅಪ್ಪ ಕಾಣಿಸಿದರು. ಹೊಟ್ಟೆ ಒಳಗೆ ಎಳೆದುಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಪಕ್ಕದಲ್ಲಿದ್ದ ದೊಡ್ಡಕ್ಕನ ಕೋಲನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದರು.